ಚೆನ್ನಾಜತ್ತೆಯ ಹಾಡು ನುಂಗಿದ ಕಂಪ್ಯೂಟರ್

ಕಾಲು ಮಡಚಿ ಕೂತ್ಕೊಳ್ಳಿ. ಬಾಯಿ ಮುಚ್ಚಿ, ಕಿವಿ ತೆಗೀರಿ. ಹೇಳ್ತಾ ಹೇಳ್ತಾ ನನಗೆ ಸಿಟ್ಟು ಬರುತ್ತೆ. ಬಂದರೆ ಬರಲಿ. ಕಥೆಯೇ ಅಂಥದ್ದು.

ಕೋಟೆ ಬೀದಿಯಲ್ಲಿ ಒಬ್ಬಳು ಅತ್ತೆ ಇದ್ದಳು. ಹೆಸರು ಚೆನ್ನಾಜಮ್ಮ. ಮಕ್ಕಳೆಲ್ಲ ಚೆನ್ನಾಜತ್ತೆ ಅಂತಿದ್ದರು. ಅವಳ ಮನೆಯಲ್ಲಿ ಒಂದು ಹಳೇ ಕಂಪ್ಯೂಟರ್. ಊರವರ ಅರ್ಜಿಯೆಲ್ಲ ಅದರಲ್ಲೇ ಟೈಪ್ ಮಾಡ್ತಿದ್ದಳು. ಟಕ ಟಕ, ಟಕ ಟಕ.

ಅವಳ ತಮ್ಮನಿಗೆ ಒಂದು ಕೂಸು ಹುಟ್ಟಿತು. ಹೆಣ್ಣು ಕೂಸು. ಹನ್ನೆರಡನೇ ದಿನ ಸಾಯಂಕಾಲ ತೊಟ್ಟಿಲ ಶಾಸ್ತ್ರ. ಹೆಸರು ಇಡೋದು ಸೋದರತ್ತೆ. ಹಾಡು ಕಟ್ಟೋದೂ ಸೋದರತ್ತೆ. ಆ ಮನೆಯಲ್ಲಿ ಒಂದೊಂದು ಕೂಸಿಗೂ ಒಂದೊಂದು ಹೊಸ ಹಾಡು. ಹಾಡಿಲ್ಲದೆ ಯಾವ ಕೂಸೂ ತೊಟ್ಟಿಲಿಗೆ ಹೋಗಿರಲಿಲ್ಲ.

ಆವತ್ತು ಬೆಳಿಗ್ಗೆ ಚೆನ್ನಾಜತ್ತೆ ಹಾಡು ಕಟ್ಟಿದಳು. ಪೆನ್ನು ಹಿಡಿದರೆ ಅವಳಿಗೆ ಪದ ಬರಲ್ಲ. ಟಕ ಟಕ ಅಂದರೆ ಪದ ಬರುತ್ತೆ. ಬೆರಳು ಕಟ್ಟಿದ ಹಾಡು ಬೆರಳಿಗೇ ಗೊತ್ತು. ಬಾಯಿಗೆ ಗೊತ್ತಿಲ್ಲ. ನಾಲ್ಕು ಸಾಲು ಕಟ್ಟಿ, ಕಂಪ್ಯೂಟರಿನ ಒಳಗಿಟ್ಟು, ಅಡುಗೆಗೆ ಹೋದಳು.

ಬಂದು ತೆಗೆದಳು. ಒಂದು ಸಾಲು ಕಂಡಿತು. ಎರಡು ಸಾಲು ಕಂಡಿತು.

ಟಪ್!

ಕಂಪ್ಯೂಟರ್ ಆರಿಹೋಯಿತು. ಮತ್ತೆ ಹಾಕಿದಳು. ಒಂದು ಸಾಲು, ಎರಡು ಸಾಲು, ಟಪ್! ಮತ್ತೆ ಹಾಕಿದಳು. ಒಂದು ಸಾಲು, ಎರಡು ಸಾಲು, ಟಪ್!

"ಯಾಕಪ್ಪಾ ಕಂಪ್ಯೂಟರು, ಏನಾಯ್ತೋ ನಿನಗೆ?" ಅಂದಳು ಅತ್ತೆ.

ಕಂಪ್ಯೂಟರ್ ಉಸ್ ಅಂತು. ಬಿಸಿ ಬಿಸಿ ಉಸಿರು.

"ಗಾಳಿ... ಗಾಳಿ..." ಅಂತು.

ಪಕ್ಕದ ಮನೆ ಸಿದ್ದಮ್ಮ ಕಿಟಕಿಯಲ್ಲಿ ಇಣುಕಿದಳು. "ಅಯ್ಯೋ, ಗಾಳಿ ಅಂತಾ? ಗಾಳಿ ಸೋಕಿದೆ ಕಣಕ್ಕಾ! ಕೆಟ್ಟ ಗಾಳಿ! ಕಂಬಳಿ ಹೊದಿಸು, ಬೇವಿನ ಸೊಪ್ಪು ಕಟ್ಟು" ಅಂದಳು.

ಅತ್ತೆ ಕಂಬಳಿ ಹೊದಿಸಿದಳು. ಬೇವಿನ ಸೊಪ್ಪು ಕಟ್ಟಿದಳು. ಮತ್ತೆ ಹಾಕಿದಳು. ಒಂದು ಸಾಲು, ಟಪ್! ಈಗ ಎರಡನೇ ಸಾಲೂ ಇಲ್ಲ.

ಅತ್ತೆ ಚಪ್ಪಲಿ ಮೆಟ್ಟಿದಳು. ಬೀದಿಗೆ ಇಳಿದಳು. ಹೋದಳು, ಹೋದಳು, ರಿಪೇರಿ ನಿಂಗರಾಜು ಅಂಗಡಿಗೆ ಹೋದಳು.

"ನಿಂಗರಾಜು, ನಿಂಗರಾಜು!
ಕಂಪ್ಯೂಟರ್ ಟಪ್ ಅಂತು.
ಹಾಡು ಒಳಗೇ ಉಳೀತು.
ಕೂಸು ಕಾಯ್ತಾ ಇದೆ.
ಬಂದು ನೋಡಪ್ಪಾ."

ನಿಂಗರಾಜು ತಲೆ ಎತ್ತಲಿಲ್ಲ. "ತಗೊಂಡಾಗ ಕೊಟ್ಟ ಕಾಗದ ಇದೆಯಾ?"

"ಕಳೆದುಹೋಗಿದೆ ಕಣಪ್ಪ."

"ಕಾಗದ ಇಲ್ಲದೆ ಮುಟ್ಟಲ್ಲ. ಹಳೇ ಡಬ್ಬಾ ಬೇರೆ, ತಿಪ್ಪೆಗೆ ಹಾಕು. ಹೋಗಮ್ಮಾ, ಹೋಗು!"

ಈ ನಿಂಗರಾಜು ಅಂಗಡಿ ತೆಗೆಯೋಕೆ ಅರ್ಜಿ ಟೈಪ್ ಮಾಡಿಕೊಟ್ಟದ್ದು ಯಾರು? ಚೆನ್ನಾಜತ್ತೆ. ಆವತ್ತು ಅವಳು ಹೋಗು ಅಂದಿದ್ದಳಾ? ಇಲ್ಲ.

ಅತ್ತೆ ಹೋದಳು, ಹೋದಳು, ಕಂಪ್ಯೂಟರ್ ಮಾರಿದ್ದ ಪದ್ಮರಾಜಯ್ಯನ ಅಂಗಡಿಗೆ ಹೋದಳು.

"ಪದ್ಮರಾಜಯ್ಯನೋರೇ, ಪದ್ಮರಾಜಯ್ಯನೋರೇ!
ನಿಂಗರಾಜು ಕಾಗದ ಇಲ್ಲದೆ ಮುಟ್ಟಲ್ಲ.
ಕಂಪ್ಯೂಟರ್ ಟಪ್ ಅಂತು.
ಹಾಡು ಒಳಗೇ ಉಳೀತು.
ಕೂಸು ಕಾಯ್ತಾ ಇದೆ.
ಒಂದು ಕಾಗದ ಕೊಡಿ ಸ್ವಾಮಿ."

ಪದ್ಮರಾಜಯ್ಯ ಕನ್ನಡಕ ಮೇಲೆ ಮಾಡಿದ. ಕನ್ನಡಕ ಕೆಳಗೆ ಮಾಡಿದ. "ಅದು ಬಂದ ರಟ್ಟಿನ ಪೆಟ್ಟಿಗೆ ಎಲ್ಲಿ? ಪೆಟ್ಟಿಗೆ ಮೇಲೆ ನಂಬರ್ ಇರುತ್ತೆ. ಪೆಟ್ಟಿಗೆ ಇಲ್ಲದೆ ಕಾಗದ ಕೊಡಲ್ಲ. ಹೋಗಮ್ಮಾ, ಹೋಗು!"

ಇವನ ಅಂಗಡಿ ಮುಂದಿನ ಚರಂಡಿ ನಾರುತ್ತಿದ್ದಾಗ ಅರ್ಜಿ ಟೈಪ್ ಮಾಡಿಕೊಟ್ಟದ್ದು ಯಾರು? ಹೇಳಿ ನೋಡೋಣ. ಹೂಂ, ಚೆನ್ನಾಜತ್ತೆ. ಆವತ್ತು ಅವಳು ಹೋಗು ಅಂದಿದ್ದಳಾ? ಇಲ್ಲ.

ಪೆಟ್ಟಿಗೆ ಎಲ್ಲಿತ್ತು? ಹಿಟ್ಟಿನ ಗಿರಣಿಯಲ್ಲಿತ್ತು. ಯಾವಾಗಲೋ ರಾಗಿ ತುಂಬಿ ಕಳಿಸಿದ್ದಳು, ಅಲ್ಲೇ ಉಳಿದಿತ್ತು. ಅತ್ತೆ ಹೋದಳು, ಹೋದಳು, ಗಿರಣಿಗೆ ಹೋದಳು. ಪೆಟ್ಟಿಗೆಯೇನೋ ಇತ್ತು. ಪೆಟ್ಟಿಗೆಯೊಳಗೆ ಒಂದು ಬೆಕ್ಕು. ಬೆಕ್ಕಿನ ಹೊಟ್ಟೆಗೆ ಅಂಟಿಕೊಂಡು ಮೂರು ಮರಿ.

"ಬೆಕ್ಕೇ, ಬೆಕ್ಕೇ!
ಪದ್ಮರಾಜಯ್ಯ ಪೆಟ್ಟಿಗೆ ಇಲ್ಲದೆ ಕಾಗದ ಕೊಡಲ್ಲ.
ನಿಂಗರಾಜು ಕಾಗದ ಇಲ್ಲದೆ ಮುಟ್ಟಲ್ಲ.
ಕಂಪ್ಯೂಟರ್ ಟಪ್ ಅಂತು.
ಹಾಡು ಒಳಗೇ ಉಳೀತು.
ಕೂಸು ಕಾಯ್ತಾ ಇದೆ.
ಪೆಟ್ಟಿಗೆ ಬಿಡವ್ವಾ."

ಬೆಕ್ಕು ಮರಿಗಳನ್ನು ನೆಕ್ಕಿತು. "ಇವಿನ್ನೂ ಕಣ್ಣು ಬಿಟ್ಟಿಲ್ಲ ಅತ್ತೇ. ನನಗೆ ಎರಡು ದಿನದಿಂದ ಹೊಟ್ಟೆಗಿಲ್ಲ. ಮೊಲೆಯಲ್ಲಿ ಹಾಲಿಲ್ಲ. ಒಂದು ಲೋಟ ಹಾಲು ಕೊಟ್ಟರೆ ಮರಿಗಳನ್ನು ಎತ್ತಿಕೊಂಡು ಬೇರೆ ಕಡೆ ಹೋಗ್ತೀನಿ" ಅಂತು.

ನೋಡಿ, ಬೆಕ್ಕು ಹೋಗು ಅನ್ನಲಿಲ್ಲ. ತಾನು ಹೋಗ್ತೀನಿ ಅಂತು.

ಅತ್ತೆ ಹೋದಳು, ಹೋದಳು, ಹಾಲಿನ ಡೈರಿಗೆ ಹೋದಳು. ಡೈರಿ ಬಾಗಿಲಲ್ಲಿ ದೇವೀರಪ್ಪ ಕಾಲು ಚಾಚಿ ಕೂತಿದ್ದ. ಹಿಂದೆ ಕ್ಯಾನಿನ ತುಂಬ ಹಾಲು.

"ದೇವೀರಪ್ಪಾ, ದೇವೀರಪ್ಪಾ!
ಬೆಕ್ಕು ಹಾಲು ಇಲ್ಲದೆ ಪೆಟ್ಟಿಗೆ ಬಿಡಲ್ಲ.
ಪದ್ಮರಾಜಯ್ಯ ಪೆಟ್ಟಿಗೆ ಇಲ್ಲದೆ ಕಾಗದ ಕೊಡಲ್ಲ.
ನಿಂಗರಾಜು ಕಾಗದ ಇಲ್ಲದೆ ಮುಟ್ಟಲ್ಲ.
ಕಂಪ್ಯೂಟರ್ ಟಪ್ ಅಂತು.
ಹಾಡು ಒಳಗೇ ಉಳೀತು.
ಕೂಸು ಕಾಯ್ತಾ ಇದೆ.
ಒಂದು ಲೋಟ ಹಾಲು ಕೊಡಪ್ಪಾ."

ದೇವೀರಪ್ಪ ಆಕಳಿಸಿದ. "ಅಳತೆ ಮಶೀನು ಕೆಟ್ಟಿದೆ ಕಣಕ್ಕಾ. ಅಳತೆ ಇಲ್ಲದೆ ಹಾಲು ಕೊಡಲ್ಲ."

"ಲೋಟ ಇದೆಯಲ್ಲಪ್ಪ. ಲೋಟದಲ್ಲಿ ಅಳೆ."

"ಲೋಟ ಮಶೀನಾ? ಹಾಲು ಬೇಕಾದರೆ ಹಸುನೇ ಕೇಳು. ಹೋಗಕ್ಕಾ, ಹೋಗು!"

ಇವನಿಗೆ ಡೈರಿ ಕೆಲಸ ಸಿಗಲಿ ಅಂತ ಅರ್ಜಿ ಟೈಪ್ ಮಾಡಿಕೊಟ್ಟದ್ದು ಯಾರು? ನೀವೇ ಹೇಳಿ, ನನಗೆ ಹೇಳಿ ಹೇಳಿ ಸಾಕಾಯ್ತು.

ಊರಾಚೆ ಸಿದ್ದಮ್ಮನ ಕೊಟ್ಟಿಗೆ ಇತ್ತು. ಕಿಟಕಿಯಲ್ಲಿ ಇಣುಕಿದಳಲ್ಲ, ಅದೇ ಸಿದ್ದಮ್ಮ. ಕೊಟ್ಟಿಗೆಯಲ್ಲಿ ಅವಳ ಹಸು. ಅತ್ತೆ ಹೋದಳು, ಹೋದಳು, ಕೊಟ್ಟಿಗೆಗೆ ಹೋದಳು. ಸಿದ್ದಮ್ಮ ಬಾಗಿಲಲ್ಲಿ ಸಗಣಿ ತಟ್ಟುತ್ತಿದ್ದಳು.

"ಸಿದ್ದಮ್ಮಾ, ನಿನ್ನ ಹಸು ಒಂದು ಲೋಟ ಹಾಲು ಕೊಡುತ್ತಾ?"

"ಕೊಟ್ಟರೆ ಕರಕೋ ಅಕ್ಕಾ. ಮೂರು ದಿನದಿಂದ ನನಗೇ ಕೊಟ್ಟಿಲ್ಲ. ಇದಕ್ಕೂ ಗಾಳಿ ಸೋಕಿದೆ. ಸುತ್ತ ಗೋಣಿಚೀಲ ಕಟ್ಟಿದೀನಿ."

ಒಳಗೆ ಕತ್ತಲೆ. ಒಳಗೆ ಸೆಕೆ. ಹಸು ನಾಲಿಗೆ ಹೊರಗೆ ಹಾಕಿ ನಿಂತಿತ್ತು.

"ಹಸುವೇ, ಹಸುವೇ!
ದೇವೀರಪ್ಪ ಅಳತೆ ಇಲ್ಲದೆ ಹಾಲು ಕೊಡಲ್ಲ.
ಬೆಕ್ಕು ಹಾಲು ಇಲ್ಲದೆ ಪೆಟ್ಟಿಗೆ ಬಿಡಲ್ಲ.
ಪದ್ಮರಾಜಯ್ಯ ಪೆಟ್ಟಿಗೆ ಇಲ್ಲದೆ ಕಾಗದ ಕೊಡಲ್ಲ.
ನಿಂಗರಾಜು ಕಾಗದ ಇಲ್ಲದೆ ಮುಟ್ಟಲ್ಲ.
ಕಂಪ್ಯೂಟರ್ ಟಪ್ ಅಂತು.
ಹಾಡು ಒಳಗೇ ಉಳೀತು.
ಕೂಸು ಕಾಯ್ತಾ ಇದೆ.
ಒಂದು ಲೋಟ ಹಾಲು ಕೊಡವ್ವಾ."

ಹಸು ಉಸ್ ಅಂತು. ಬಿಸಿ ಬಿಸಿ ಉಸಿರು.

"ಗಾಳಿ... ಗಾಳಿ..." ಅಂತು.

ಅತ್ತೆ ಹಸುವಿನ ಮುಖ ನೋಡಿದಳು. ಬೇವಿನ ಸೊಪ್ಪು ಹುಡುಕಲಿಲ್ಲ. ಗೋಣಿಚೀಲ ಕಿತ್ತಳು. ಒಂದು ಕಿತ್ತಳು, ಎರಡು ಕಿತ್ತಳು, ಎಲ್ಲಾ ಕಿತ್ತಳು. ಮೂಲೆಯಲ್ಲಿದ್ದ ಮೊರ ತಗೊಂಡು ಬೀಸಿದಳು. ಬೀಸಿದಳು, ಬೀಸಿದಳು. ಹಸು ಕಿವಿ ಅಲ್ಲಾಡಿಸಿತು. ಹಸು ಬಾಲ ಅಲ್ಲಾಡಿಸಿತು. ಹಸು ಹಾಲು ಬಿಟ್ಟಿತು. ಸೊರ್ ಸೊರ್, ಸೊರ್ ಸೊರ್.

"ಸೋಕಿದ ಗಾಳಿಯಲ್ಲ ಸಿದ್ದಮ್ಮಾ! ಬೀಸೋ ಗಾಳಿ! ಇದಕ್ಕೆ ಬೇಕಾಗಿದ್ದು ಗಾಳಿ! ನನ್ನ ಕಂಪ್ಯೂಟರೂ ಅದನ್ನೇ ಕೇಳಿತ್ತು. ನಾನು ಕಂಬಳಿ ಹೊದಿಸಿದೆ!"

ಸಿದ್ದಮ್ಮ ಕೈ ತೊಳೆದು ಒಂದು ಲೋಟ ತಂದುಕೊಟ್ಟಳು.

ಅತ್ತೆ ಲೋಟದ ತುಂಬ ಹಾಲು ಹಿಡಿದಳು. ಬಂದ ದಾರಿಯಲ್ಲೇ ತಿರುಗಿದಳು.

ಬಂದಳು, ಬಂದಳು, ಡೈರಿ ಬಂತು.

"ಅಕ್ಕಾ, ಆ ಹಾಲು ಅಳತೆ ಮಾಡಿಸಬೇಕು!" ಅಂದ ದೇವೀರಪ್ಪ.

"ನಿನ್ನ ಅಳತೆ ಬೇಡ" ಅಂದಳು ಅತ್ತೆ. ನಿಲ್ಲಲಿಲ್ಲ.

ಬಂದಳು, ಬಂದಳು, ಗಿರಣಿ ಬಂತು. ಇಲ್ಲಿ ನಿಂತಳು. ಬೆಕ್ಕಿಗೆ ಹಾಲು ಇಟ್ಟಳು. ಬೆಕ್ಕು ಲೊಚ ಲೊಚ ಕುಡಿಯಿತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ಎದ್ದಿತು. "ಇರಲಿ ಬಿಡೇ, ಪೆಟ್ಟಿಗೆ ನಿನಗೇ ಇರಲಿ" ಅಂದಳು ಅತ್ತೆ.

ಬಂದಳು, ಬಂದಳು, ಪದ್ಮರಾಜಯ್ಯನ ಅಂಗಡಿ ಬಂತು.

"ಪೆಟ್ಟಿಗೆ ತಂದ್ಯೇನಮ್ಮಾ?"

"ನಿಮ್ಮ ಕಾಗದ ಬೇಡ" ಅಂದಳು. ನಿಲ್ಲಲಿಲ್ಲ.

ಬಂದಳು, ಬಂದಳು, ನಿಂಗರಾಜು ಅಂಗಡಿ ಬಂತು.

"ಕಾಗದ ತಂದ್ಯೇನಮ್ಮಾ?"

"ನೀನು ಮುಟ್ಟೋದು ಬೇಡ" ಅಂದಳು. ತಲೆ ಎತ್ತದ ನಿಂಗರಾಜು ಆಗ ತಲೆ ಎತ್ತಿದ. ಅತ್ತೆ ಆಗಲೇ ಮುಂದೆ ಹೋಗಿದ್ದಳು.

ಮನೆ ಬಂತು. ಕಂಬಳಿ ತೆಗೆದಳು. ಬೇವಿನ ಸೊಪ್ಪು ತೆಗೆದಳು. ಕರೆಂಟಿನ ವೈರು ಕಿತ್ತಳು. ಮೊದಲು ವೈರು, ಆಮೇಲೆ ಮಿಕ್ಕಿದ್ದು. ನೀವು ಮುಟ್ಟಬೇಡಿ, ದೊಡ್ಡವರನ್ನು ಕರೀರಿ. ಚಮಚದ ತುದಿಯಲ್ಲಿ ತಿರುಪು ತಿರುಗಿಸಿದಳು. ಪಕ್ಕದ ಮುಚ್ಚಳ ಬಿಚ್ಚಿದಳು.

ಒಳಗೆ ಒಂದು ಪುಟ್ಟ ಫ್ಯಾನು. ಫ್ಯಾನು ಕಾಣಲೇ ಇಲ್ಲ! ಏನು ತುಂಬಿತ್ತು? ಧೂಳು. ಧೂಳಿನ ಜೊತೆ? ಒಣಗಿದ ಸೇವಂತಿಗೆ ದಳ. ಅರಿಶಿನ. ಕುಂಕುಮ. ವಿಭೂತಿ. ಹನ್ನೊಂದು ವರ್ಷದ ಆಯುಧಪೂಜೆ! ವರ್ಷ ವರ್ಷ ಹೂವು ಏರಿಸಿದ್ದು ಯಾರು? ಕುಂಕುಮ ಎರಚಿದ್ದು ಯಾರು? ಚೆನ್ನಾಜತ್ತೆ. ಕೈ ಮುಗಿದು ಮುಗಿದು ಅದರ ಮೂಗು ಮುಚ್ಚಿದ್ದಳು.

"ತಪ್ಪಾಯ್ತು ಕಣಪ್ಪಾ" ಅಂದಳು.

ಬ್ರಷ್ಷಿನಲ್ಲಿ ಗುಡಿಸಿದಳು. ಕೆನ್ನೆ ಉಬ್ಬಿಸಿದಳು.

ಉಫ್!

ಎಲ್ಲರೂ ಊದಿ. ಉಫ್!

ಅಷ್ಟೇ ಮಕ್ಕಳಾ. ಒಂದು ಉಫ್. ನಿಂಗರಾಜು ಬಾಯಲ್ಲೂ ಇತ್ತು ಆ ಉಫ್. ಪದ್ಮರಾಜಯ್ಯನ ಬಾಯಲ್ಲೂ ಇತ್ತು. ದೇವೀರಪ್ಪನ ಬಾಯಲ್ಲೂ ಇತ್ತು. ಯಾರೂ ಕೊಡಲಿಲ್ಲ. ಊರೆಲ್ಲ ಸುತ್ತಿಸಿದರು.

ಮುಚ್ಚಳ ಹಾಕಿದಳು. ವೈರು ಹಾಕಿದಳು. ಫ್ಯಾನು ಗುರ್ ಅಂತು. ಒಂದು ಸಾಲು ಕಂಡಿತು. ಎರಡು ಸಾಲು ಕಂಡಿತು. ಮೂರು ಸಾಲು ಕಂಡಿತು. ನಾಲ್ಕು ಸಾಲೂ ಕಂಡಿತು. ಟಪ್ ಅನ್ನಲಿಲ್ಲ.

ಅತ್ತೆ ನಾಲ್ಕು ಸಾಲು ಓದಿದಳು. ಆಮೇಲೆ ಟಕ ಟಕ, ಟಕ ಟಕ, ಇನ್ನೊಂದು ಸಾಲು ಸೇರಿಸಿದಳು.

ಸಾಯಂಕಾಲ ಆಯಿತು. ತೊಟ್ಟಿಲಿಗೆ ಹೂವು ಕಟ್ಟಿದರು. ಯಾರ್ಯಾರು ಬಂದರು? ಸಿದ್ದಮ್ಮ ಬಂದಳು. ದೇವೀರಪ್ಪ ಬಂದ. ಪದ್ಮರಾಜಯ್ಯ ಬಂದ. ನಿಂಗರಾಜು ಬಂದ. ಪಾಯಸ ಅಂದರೆ ಯಾರೂ ಕಾಗದ ಕೇಳಲ್ಲ. ಮುಂದಿನ ಸಾಲಲ್ಲೇ ಕೂತರು.

ಚೆನ್ನಾಜತ್ತೆ ಕೂಸನ್ನು ತೊಟ್ಟಿಲಿಗೆ ಹಾಕಿದಳು. ತೂಗಿದಳು. ಹಾಡಿದಳು.

"ಜೋ ಜೋ ಕೂಸೇ, ಅತ್ತೆ ಬಂದಾಳೆ,
ಮಡಿಲಲ್ಲಿ ಒಂದು ಹೆಸರ ತಂದಾಳೆ,
ಕಿವಿ ಕೊಡು ಕೂಸೇ, ಮೆಲ್ಲಗೆ ಅಂದಾಳೆ,
ಹರಿಯುವ ಹೆಸರು, ಕಪಿಲೆ ಅಂದಾಳೆ."

ಎಲ್ಲರೂ ಭೇಷ್ ಅಂದರು. ಅತ್ತೆ ತೂಗೋದು ನಿಲ್ಲಿಸಲಿಲ್ಲ. ಐದನೇ ಸಾಲು ಹಾಡಿದಳು.

"ಕೇಳಿ ಬಂದೋರಿಗೆ ಹೋಗು ಅನ್ನಬೇಡ, ನನ ತಾಯಿ."

ನಿಂಗರಾಜು ಕೈಯಲ್ಲಿ ಪಾಯಸದ ಲೋಟ ನಿಂತಿತು. ಪದ್ಮರಾಜಯ್ಯ ಕನ್ನಡಕ ತೆಗೆದು ಒರೆಸಿದ. ದೇವೀರಪ್ಪ ಚಾಚಿದ್ದ ಕಾಲು ಮಡಚಿದ. ಸಿದ್ದಮ್ಮ ಸೆರಗಿನಲ್ಲಿ ಮುಖ ಮುಚ್ಚಿದಳು.

ಕಪಿಲೆ ಮಾತ್ರ ಹಾಯಾಗಿ ನಿದ್ದೆ ಹೋದಳು. ಅವಳಿಗೆ ಇನ್ನೂ ಯಾರೂ ಹೋಗು ಅಂದಿರಲಿಲ್ಲ.