ಕೂತುಕೊಳ್ಳಿ ಎಂದ ಕೆಂಚಣ್ಣ

ಬಹಳ ಹಿಂದೆ, ಎರಡು ಗುಡ್ಡಗಳ ನಡುವೆ ತಂಪಿನಮಡು ಅಂತ ಒಂದೂರು. ಊರ ಮುಂದಿನ ಕೆರೆ ಎಷ್ಟು ಆಳವೆಂದರೆ, ಹಗ್ಗಕ್ಕೆ ಹಗ್ಗ ಗಂಟು ಹಾಕಿ ಇಳಿಬಿಟ್ಟರೂ ತಳ ಸಿಗಲಿಲ್ಲವಂತೆ. ಮಧ್ಯಾಹ್ನದವರೆಗೆ ಬಿಸಿಲು ಕಾಣದ ಆ ನೀರಿಗೆ ಬೇಸಿಗೆಯಲ್ಲಿ ಕೈಯಿಟ್ಟರೂ ಬೆರಳು ಮರಗಟ್ಟುತ್ತಿತ್ತಂತೆ. ಅಲ್ಲಿ ದೋಣಿ ನಡೆಸುತ್ತಿದ್ದವನು ಅಂಬಿಗರ ಕೆಂಚಣ್ಣ.

ಮೊದಲೇ ಹೇಳಿಬಿಡುತ್ತೇನೆ. ಅವನ ದೋಣಿ ಮುಳುಗಿದ ದಿನ ಅದರಲ್ಲಿ ಚಿನ್ನ ಇರಲಿಲ್ಲ. ಪಾಳೆಗಾರನ ಪೆಟ್ಟಿಗೆ ಇರಲಿಲ್ಲ, ರಾಜಕುಮಾರಿಯೂ ಇರಲಿಲ್ಲ. ನಾನು ಕೇಳಿದ ಹಿರಿಯರೆಲ್ಲ ಹೇಳಿದ್ದು ಒಂದೇ: ಸಂತೆಗೆ ಹೊರಟ ಜನ, ಹುಣಸೆಹಣ್ಣಿನ ಕುಕ್ಕೆಗಳು, ಒಂದು ಒರಳುಕಲ್ಲು. ಎಷ್ಟು ಸಲ ಬರೆದಿಟ್ಟರೂ ಮುಂದಿನ ವರ್ಷದ ಹೊತ್ತಿಗೆ ಜನರ ಬಾಯಲ್ಲಿ ಚಿನ್ನ ಮತ್ತೆ ದೋಣಿ ಹತ್ತಿರುತ್ತದೆ.

ಕೆರೆಯ ನಟ್ಟನಡುವೆ ಬಂದಾಗ ಗುಡ್ಡದ ಸಂದಿಯಲ್ಲಿ ಅಮ್ಮನ ಗುಡಿ ಕಾಣುತ್ತದೆ. ಕಂಡ ಕೂಡಲೇ ದೋಣಿಯಲ್ಲಿದ್ದವರೆಲ್ಲ ಎದ್ದು, ಒಂದೇ ಕಡೆ ಸರಿದು ಕೈ ಮುಗಿಯುವುದು. ಕೆಂಚಣ್ಣ ದಿನಾ ಬೇಡಿಕೊಳ್ಳುತ್ತಿದ್ದನಂತೆ, ದಿನಾ ಗದರುತ್ತಿದ್ದನಂತೆ.

“ಕೂತೇ ಕೈ ಮುಗೀರ್ರೋ! ಅಮ್ಮನ ಕಣ್ಣು ಚೆನ್ನಾಗೈತೆ, ಕೂತಿದ್ರೂ ಕಾಣ್ತೀರ.”

“ದೇವಿ ಎದುರಿಗೆ ಕಾಲು ಮಡಚ್ಕೊಂಡು ಕೂರಕ್ಕೆ ಇದೇನು ನಿನ್ನ ಮಾವನ ಮನೆ ಜಗಲಿಯೇನೋ?” ಎಂದು ಪುಟ್ಟಮಲ್ಲವ್ವ ಎಂಬ ಮುದುಕಿ ಎಲ್ಲರಿಗಿಂತ ಮೊದಲು ಏಳುತ್ತಿದ್ದಳಂತೆ.

ಒಂದು ದಿನ ಹಾಗೆಯೇ ಎದ್ದರು. ಒರಳುಕಲ್ಲು ಉರುಳಿತು, ಅಂಚು ನೀರಿಗೆ ತಾಗಿತು, ದೋಣಿ ತುಂಬಿಕೊಂಡು ಮುಳುಗಿತು. ಮೀನು ಹಿಡಿಯುವವರ ಹರಿಗೋಲುಗಳು ಬರುವವರೆಗೆ ಕೆಂಚಣ್ಣ ಒಬ್ಬೊಬ್ಬರನ್ನೇ ಎತ್ತಿ ಹಿಡಿದನಂತೆ. ಕೊನೆಗೆ, ಹಿಡಿದು ತೇಲಲಿ ಎಂದು ತನ್ನ ಹುಟ್ಟನ್ನು ಪುಟ್ಟಮಲ್ಲವ್ವನ ಕೈಗೆ ಕೊಟ್ಟು, ಆ ಚಳಿನೀರಿಗೆ ಸೋತು ಕೆಳಗಿಳಿದನಂತೆ. ಎಲ್ಲರೂ ಬದುಕಿದರು. ಅವನು ಮೇಲೆ ಬರಲಿಲ್ಲ.

ಅವನ ಹೆಂಡತಿ ಸಾಕವ್ವ ಹೊಸ ದೋಣಿ ಇಳಿಸಿದಳು. ಆಗ ಶುರುವಾಯಿತು ನೋಡಿ. ತಿಳಿನೀರಿನ ಬೆಳಗ್ಗೆ ತಳದಲ್ಲಿ ಕೆಂಚಣ್ಣನ ದೋಣಿ ಕಾಣುತ್ತದಂತೆ, ಅದರಲ್ಲಿ ದೀಪ ಉರಿಯುತ್ತದಂತೆ, ಅವನು ಇನ್ನೂ ಹುಟ್ಟು ಹಾಕುತ್ತಿದ್ದಾನಂತೆ. ತಳವೇ ಸಿಗದ ಕೆರೆಯಲ್ಲಿ ತಳ ಕಂಡದ್ದು ಹೇಗೆ? ಹುಟ್ಟು ಪುಟ್ಟಮಲ್ಲವ್ವನ ಅಟ್ಟದ ಮೇಲಿತ್ತಲ್ಲ? ಕೇಳುವವರು ಯಾರು! ಅದನ್ನು ನೋಡಬೇಕೆಂದು ಜನ ಅದೇ ಜಾಗದಲ್ಲಿ ಎದ್ದು, ಅದೇ ಕಡೆಗೆ ಬಗ್ಗತೊಡಗಿದರು. ಅವನು ಸತ್ತದ್ದು ಯಾತಕ್ಕೆಂದು ಒಬ್ಬರಿಗೂ ನೆನಪಿರಲಿಲ್ಲ.

ಒಂದು ಬೆಳಗ್ಗೆ ಸಾಕವ್ವನ ದೋಣಿಯ ಅಂಚೂ ನೀರಿಗೆ ತಾಗಿತು. ದಿನ ತುಂಬಿದ ಅವಳ ಮಗಳು ಅದೇ ದೋಣಿಯಲ್ಲಿದ್ದಳು.

“ಕೂತ್ಕೊಳ್ರೋ!”

ದನಿ ನೀರಿನೊಳಗಿಂದ ಬಂತಂತೆ. ನಿಂತವರೆಲ್ಲ ದೊಪ್ಪನೆ ಕೂತರು, ದೋಣಿ ನೆಟ್ಟಗಾಯಿತು, ಮಗಳು ಉಳಿದಳು. ಆಮೇಲೆ ಎಷ್ಟೋ ದಿನ ಸಾಕವ್ವನಿಗೆ ಗಂಟಲು ಕಟ್ಟಿತ್ತು ಅಂತಲೂ ಹೇಳುತ್ತಾರೆ. ಎರಡನ್ನೂ ಸೇರಿಸಿ ಯೋಚಿಸಿದವರನ್ನು ನಾನು ಕಂಡಿಲ್ಲ. ಕೇಳಿದವರಿಗೆಲ್ಲ ಸಾಕವ್ವ, ಹೂಂ, ಅವರದೇ ದನಿ, ಎನ್ನುತ್ತಿದ್ದಳಂತೆ.

ಈಗ ಮೋಟಾರು ದೋಣಿ ಬಂದಿದೆ. ಇವತ್ತಿಗೂ ಗುಡಿ ಕಾಣುವ ಜಾಗದಲ್ಲಿ ಇಂಜಿನ್ ತಗ್ಗಿಸುತ್ತಾರೆ. ಮದುಮಗಳೇ ಇರಲಿ, ಸಾಹೇಬರೇ ಇರಲಿ, ಕೂತ ಹಲಗೆ ಮುಟ್ಟಿ “ಕೂತಿದ್ದೀವಿ ಕೆಂಚಣ್ಣ” ಎನ್ನಬೇಕು. ಆಮೇಲೆಯೇ ಅಮ್ಮನಿಗೆ ಕೈ ಮುಗಿಯುವುದು.

ಹೋದ ಸಂಕ್ರಾಂತಿಯಲ್ಲಿ ಪರಊರಿನವನೊಬ್ಬ ದೀಪ ನೋಡುತ್ತೇನೆಂದು ಎದ್ದು ಬಗ್ಗಿದ. “ಕೂತ್ಕೊಳ್ಳೋ!” ಎಂದು ಹಿಂದಿನಿಂದ ಕೂಗಿದವಳು ನಾನು. ದನಿ ನೀರಿನೊಳಗಿಂದ ಬಂತೆಂದು ಅವನು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ.

ನಾನು ತಿದ್ದಲು ಹೋಗಿಲ್ಲ.