ಕೇಳಿದವನಿಗೆ ಆ ದಿನ ನೀರಿಲ್ಲ

ಹುಲಿಗಯ್ಯನವರು ಈಜು ಕಲಿಸುತ್ತಿದ್ದ ಹೊಳೆಯ ಮೆಟ್ಟಿಲಲ್ಲಿ ಇದ್ದದ್ದು ಒಂದೇ ನಿಯಮ.

ಈಜು ಬಂದವನು ತನ್ನನ್ನು ತೇಲಿಸುತ್ತಿದ್ದ ಸೊಂಟದ ಸೋರೆಬುರುಡೆಯನ್ನು ಬಿಚ್ಚಿ ದಂಡೆಯ ಮಂಟಪದ ಹಗ್ಗಕ್ಕೆ ತೂಗುಹಾಕಬೇಕು. ಕಲಿಯಲು ಬಂದವನು ಕೈಗೆ ಸಿಕ್ಕ ಬುರುಡೆಯನ್ನು ಕಟ್ಟಿಕೊಳ್ಳಬೇಕು. ಅದು ಯಾರದಾಗಿತ್ತು ಎಂದು ಕೇಳಬಾರದು.

ಕೇಳಿದವನಿಗೆ ಆ ದಿನ ನೀರಿಲ್ಲ. ಅವನು ಮೇಲಿನ ಮೆಟ್ಟಿಲ ಮೇಲೆ ಕುಳಿತು ಉಳಿದವರು ಈಜುವುದನ್ನು ನೋಡಬೇಕು.

ಶರಭ ಸತ್ತ ಮೇಲೆ ಈ ನಿಯಮವನ್ನು ಎಲ್ಲರೂ ಮುರಿದರು.

ಶರಭ ಆ ಮೆಟ್ಟಿಲಲ್ಲೇ ಕಾಲು ಬಡಿಯಲು ಕಲಿತವನು. ಹೊಳೆ ದಾಟಿದ. ಆಮೇಲೆ ಕಡಲು ದಾಟಿದ. ಅವನ ಹೆಸರು ಗೊತ್ತಿಲ್ಲದ ಮನೆ ನಾಡಿನಲ್ಲಿ ಇರಲಿಲ್ಲ.

ಅಂಥವನು ಒಂದು ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತು, ಚಹಾ ಆರಲಿ ಎಂದು ಕಾಯುತ್ತಿದ್ದಾಗ, ಎದೆಬಡಿತ ನಿಂತು ಸತ್ತ. ತಲೆಯಲ್ಲಿ ಒಂದು ಬಿಳಿಗೂದಲೂ ಇರಲಿಲ್ಲ.

ಜನ ಹೊಳೆಗೆ ಬಂದರು. ಬಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ, ನಡೆದು ಬಂದರು. ಅಂಗಿಯ ಎದೆಯ ಮೇಲೆ ಅವನ ಮುಖ. ಮಂಟಪದ ಎತ್ತರಕ್ಕೂ ಮೀರಿದ ಫ್ಲೆಕ್ಸು. ಅದರಲ್ಲಿ ಶರಭ ನಗುತ್ತಿದ್ದ. ಕೆಳಗೆ ದೊಡ್ಡ ಅಕ್ಷರದಲ್ಲಿ, 'ಮತ್ತೆ ಹುಟ್ಟಿ ಬಾ ಶರಭಣ್ಣ.'

ಬಂದವರೆಲ್ಲ ಹಗ್ಗದ ಕೆಳಗೆ ನಿಂತು ಕೇಳಿದ್ದು ಒಂದೇ ಮಾತು.

"ಇದರಾಗ ಶರಭಣ್ಣನ ಬುರುಡೆ ಯಾವುದ್ರೀ?"

ಹಗ್ಗವನ್ನು ನೋಡಿಕೊಳ್ಳುತ್ತಿದ್ದವನು ಹಿರಿಯ ಶಿಷ್ಯ ಮಾರ್ತಾಂಡ. ಬುರುಡೆಗಳನ್ನು ನೀರಿನಲ್ಲಿ ಅದುಮಿ, ಗುಳ್ಳೆ ಏಳದ್ದನ್ನು ಮಾತ್ರ ಹಗ್ಗಕ್ಕೆ ಕಟ್ಟುವುದು ಅವನ ಕೆಲಸ. ಮೊದಲು ಅವನು ತಲೆ ಅಲ್ಲಾಡಿಸಿದ. ಆಮೇಲೆ ಮುಖ ತಿರುಗಿಸಿದ. ಕೊನೆಗೆ, ಹಗ್ಗ ಹಿಡಿದು ಬಿಕ್ಕುತ್ತಿದ್ದವರನ್ನು ಬರಿಗೈಯಲ್ಲಿ ಕಳಿಸಲಾರದೆ, ಒಂದು ಬುರುಡೆಯ ಕಡೆಗೆ ಬೆರಳು ತೋರಿಸಿಬಿಟ್ಟ.

ಸಂಜೆಯೊಳಗೆ ಅದಕ್ಕೆ ರೇಷ್ಮೆ ಬಟ್ಟೆ ಬಂತು, ಹಾರ ಬಂತು, ಕುಂಕುಮ ಬಂತು.

ಜನ ಚದುರಿದ ಮೇಲೆ ಮಾರ್ತಾಂಡ ಗುರುಗಳ ಮುಂದೆ ನಿಂತ.

"ತಪ್ಪು ಮಾಡಿದೆ, ಗುರುಗಳೇ."

"ಹೂಂ."

"ಅದು ಶರಭಂದು ಹೌದೋ ಅಲ್ಲೋ ನನಗ ಗೊತ್ತಿಲ್ಲ. ದುಂಡಗ ಕಂಡಿತು, ತೋರಿಸಿಬಿಟ್ಟೆ."

"ದುಂಡಗೇನೋ ಐತಿ."

"ಬೈಯಂಗಿಲ್ಲೇನು?"

"ಬೈಯಾಕ ಬಾಯಿ ಸ್ವಚ್ಛ ಇರಬೇಕು."

ಮಾರ್ತಾಂಡನಿಗೆ ಅರ್ಥವಾಗಲಿಲ್ಲ. ಆದರೆ ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು. ಜ್ವರ ಬಂದರೂ ಹೊಳೆಗಿಳಿಯದೆ ಊಟ ಮಾಡದ ಗುರುಗಳ ಪಂಚೆ, ಶರಭನ ಸುದ್ದಿ ಬಂದಂದಿನಿಂದ ಒದ್ದೆಯಾಗಿರಲಿಲ್ಲ.

"ನೀವಾದ್ರೂ ನೀರಿಗೆ ಇಳೀರಿ. ನೀವು ಇಳಿದ್ರ ಹುಡುಗರು ಇಳೀತಾರ."

"ನನಗ ಇವತ್ತು ನೀರಿಲ್ಲ."

ಮರುದಿನವೂ ಕೇಳಿದ. ಮರುದಿನವೂ ಅದೇ ಉತ್ತರ. ಅದರ ಮರುದಿನವೂ ಅಷ್ಟೇ. ಗುರುಗಳು ಮೇಲಿನ ಮೆಟ್ಟಿಲ ಮೇಲೆ ಕುಳಿತಿದ್ದರು.

ಅಷ್ಟರಲ್ಲಿ ಸ್ಮಾರಕ ಸಮಿತಿ ಹುಟ್ಟಿತು. ಅದರ ಅಧ್ಯಕ್ಷ ಪಂಚಾಕ್ಷರಿ. ಕೆಟ್ಟವನಲ್ಲ. ಅವನ ಅಳು ನಿಜವಾದ ಅಳು. ಶರಭನ ಮಾತು ಬಂದರೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ. ಆದರೆ ಅತ್ತು ಮುಗಿದ ಮೇಲೆ ಸುಮ್ಮನೆ ಕೂರುವುದು ಅವನಿಗೆ ಬರುತ್ತಿರಲಿಲ್ಲ.

"ಗುರುಗಳೇ, ತೀರ್ಮಾನ ಆಗೇತಿ. ಮೆಟ್ಟಿಲಿಗೆ ಕಬ್ಬಿಣದ ಕಂಬಿ ಹಾಕ್ತೀವಿ. ಬಾಗಿಲಿಗೆ ಬೀಗ. ಶರಭಣ್ಣನ ಬುರುಡೆ ಗಾಜಿನ ಪೆಟ್ಟಿಗೇಲಿ. ಇನ್ನ ಮುಂದ ಇಲ್ಲಿ ಯಾರೂ ಇಳಿಯಂಗಿಲ್ಲ. ಶರಭಣ್ಣ ಇಳಿದ ನೀರಿಗೆ ಬ್ಯಾರೆ ಕಾಲು ಬೀಳಬಾರದು."

"ಶರಭ ಇಳಿದ ನೀರು ಕಡಲು ಸೇರಿ ಭಾಳ ದಿನ ಆತು, ಪಂಚಾಕ್ಷರಿ."

ಪಂಚಾಕ್ಷರಿಯ ಕಣ್ಣು ತುಂಬಿ ಬಂತು.

"ಆಹಾ! ಎಂಥಾ ಮಾತು ಹೇಳಿದಿರಿ! ಇದನ್ನ ಕಲ್ಲಿನ ಮ್ಯಾಲೆ ಕೆತ್ತಿಸೋಣ್ರೀ."

ಗುರುಗಳು ಎದ್ದು ಮಂಟಪದೊಳಕ್ಕೆ ಹೋದರು.

ಮಾರ್ತಾಂಡ ಅವರ ಹಿಂದೆಯೇ ಓಡಿದ. "ಬೀಗ ಬಿದ್ದರ ಕಲಿಸೋದು ಮುಗೀತು, ಗುರುಗಳೇ. ನಿಮ್ಮ ಗುರುಗಳು, ಅವರ ಗುರುಗಳು ಕಲಿಸಿದ ಮೆಟ್ಟಿಲಿದು. ಯಾಕ ಸುಮ್ಮನಿದ್ದೀರಿ? ಬ್ಯಾಡ ಅನ್ರಿ!"

"ಅನ್ನಾಕ ಬರಂಗಿಲ್ಲ."

"ಯಾಕ?"

"ಮೇಲಿನ ಮೆಟ್ಟಿಲ ಮ್ಯಾಲೆ ಕುಂತವ ಕೆಳಗಿನವರಿಗೆ ಬುದ್ಧಿ ಹೇಳಬಾರದು."

ಕಂಬಿ ಎದ್ದು ನಿಂತಿತು. ಬೀಗ ಹಾಕುವ ದಿನವೂ ಬಂತು.

ಹೊಳೆಯ ದಂಡೆ ತುಂಬಿತು. ಪಂಚಾಕ್ಷರಿಯ ಒಂದು ಕೈಯಲ್ಲಿ ಹಿತ್ತಾಳೆಯ ಬೀಗ, ಇನ್ನೊಂದರಲ್ಲಿ ಮೈಕು. ಬುರುಡೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡಲು ಶರಭನ ತಾಯಿ ಹಂಪವ್ವನನ್ನು ಕಾರಿನಲ್ಲಿ ಕರೆತಂದಿದ್ದರು.

ಹಂಪವ್ವನಿಗೆ ಆ ಜಾಗ ಹೊಸದಲ್ಲ. ಮಗ ಕಲಿಯುವಾಗ ಪ್ರತಿದಿನ ಒಣಬಟ್ಟೆ ಹಿಡಿದು ಮೇಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದವಳು ಅವಳು. ನೀರೆಂದರೆ ಭಯ. ಪಾದ ನೆನೆಯುವಷ್ಟಕ್ಕಿಂತ ಮುಂದೆ ಯಾವತ್ತೂ ಹೋದವಳಲ್ಲ. ಮಗ ಕಡಲು ದಾಟಿ ಬಂದಾಗಲೂ, "ತಲಿ ಒರೆಸ್ಕೊ" ಎಂದಿದ್ದಳಂತೆ, ಅಷ್ಟೇ.

ಇವತ್ತೂ ಅವಳ ತೋಳಿನ ಮೇಲೆ ಒಂದು ಒಣಬಟ್ಟೆ ಇತ್ತು. ಅಭ್ಯಾಸ ಎಂದುಕೊಂಡರು ಜನ. ಕೆಲವರು ಅದನ್ನು ನೋಡಿಯೇ ಅತ್ತರು.

ಪಂಚಾಕ್ಷರಿ ರೇಷ್ಮೆ ಬಟ್ಟೆ ಬಿಡಿಸಿ ಬುರುಡೆಯನ್ನು ಎತ್ತಿ ಹಿಡಿದ. ದಂಡೆಯುದ್ದಕ್ಕೂ ಕೂಗು ಎದ್ದಿತು. "ಶರಭ ಅಮರ! ಶರಭ ಅಮರ!"

"ತಗೋರಿ ಅವ್ವಾರ," ಎಂದ ಪಂಚಾಕ್ಷರಿ. "ನಿಮ್ಮ ಮಗ ಸೊಂಟಕ್ಕೆ ಕಟ್ಟಿಕೊಂಡಿದ್ದ ಬುರುಡೆ."

ಮಾರ್ತಾಂಡ ತಲೆ ತಗ್ಗಿಸಿದ.

ಆಗ ಹುಲಿಗಯ್ಯ ಮಂಟಪದಿಂದ ಹೊರಗೆ ಬಂದರು. ಹೊದ್ದ ಶಾಲಿನೊಳಗಿಂದ ಇನ್ನೊಂದು ಬುರುಡೆ ತೆಗೆದರು. ಸಣ್ಣದು, ಸೊಟ್ಟಗಿತ್ತು. ಹೊಟ್ಟೆಯ ಮೇಲೊಂದು ಬಿರುಕು, ಬಿರುಕಿಗೆ ಅರಗಿನ ತೇಪೆ.

"ಅದಲ್ಲ, ಹಂಪವ್ವ. ಇದು."

ಕೂಗು ನಿಂತಿತು.

"ಮೆಟ್ಟಿಲಿಗೆ ಬಡಿದು ಒಡಕೊಂಡಿದ್ದ. ನಾನೇ ಅರಗು ಹಚ್ಚಿದ್ದೆ. ಅವ ಸತ್ತ ಸುದ್ದಿ ಬಂದ ದಿನ ಹಗ್ಗದಿಂದ ಬಿಚ್ಚಿ ತಲೆದೆಸೆಗೆ ಇಟ್ಟುಕೊಂಡೆ. ಎಲ್ಲರಿಗಿಂತ ಮೊದಲು ನಿಯಮ ಮುರಿದವ ನಾನು. ಯಾವುದು ಯಾರದು ಅಂತ ನನ್ನನ್ನ ನಾನೇ ಕೇಳಿದೆ."

ಮಾರ್ತಾಂಡನಿಗೆ ಈಗ ಅರ್ಥವಾಯಿತು, ಗುರುಗಳಿಗೆ ಯಾಕೆ ನೀರಿರಲಿಲ್ಲವೆಂದು.

ಪಂಚಾಕ್ಷರಿ ಎರಡು ಬುರುಡೆಗಳನ್ನೂ ನೋಡಿದ. ಮೈಕಿನಲ್ಲಿ ಏನು ಹೇಳಬೇಕೆಂದು ತಿಳಿಯದೆ, "ಖರೇದು ಸಿಕ್ಕಿತು! ಖರೇದು ಸಿಕ್ಕಿತು!" ಎಂದ. "ಅವ್ವಾರ, ಇದನ್ನ ಪೆಟ್ಟಿಗೇಲಿ ಇಡ್ರಿ. ಅದನ್ನ ಬಿಸಾಕೋಣ."

ಹಂಪವ್ವ ಗುರುಗಳ ಕೈಯಲ್ಲಿದ್ದುದನ್ನು ತೆಗೆದುಕೊಂಡಳು. ಪಂಚಾಕ್ಷರಿಯ ಕೈಯಲ್ಲಿದ್ದುದನ್ನೂ ತೆಗೆದುಕೊಂಡಳು. ತಿರುಗಿಸಿ ನೋಡಲಿಲ್ಲ. ಹಾರವನ್ನು ಕಿತ್ತು ಮೆಟ್ಟಿಲ ಮೇಲೆ ಇಟ್ಟಳು.

"ಇಲ್ಲಿ ಹುಡುಗರಿಗೆ ಒಂದು ಬುರುಡೆ, ದೊಡ್ಡವರಿಗೆ ಎರಡು. ಹೌದಲ್ರೀ ಅಜ್ಜಾರ?" ಎಂದು ಗುರುಗಳನ್ನು ಕೇಳಿದಳು.

"ಹೌದು."

"ಎರಡು ಅದಾವ. ಕಟ್ಟ್ರಿ."

"ಯಾರಿಗೆ?"

"ನನಗ."

ದಂಡೆಯ ಮೇಲೆ ಯಾರೋ ನಕ್ಕರು. ಆಮೇಲೆ ನಗಲಿಲ್ಲ.

"ಹಂಪವ್ವ," ಎಂದರು ಗುರುಗಳು ಮೆಲ್ಲಗೆ. "ಅದರಾಗ ಒಂದು ನಿನ್ನ ಮಗಂದು."

"ಯಾರದಂತ ನಾ ಕೇಳಿದೆನೇನ್ರೀ?"



ಪಂಚಾಕ್ಷರಿ ಅಡ್ಡ ಬಂದ. "ಅವ್ವಾರ, ಹಂಗಲ್ಲ. ಇದು ಪವಿತ್ರ ಜಾಗ. ಇನ್ನ ಮುಂದ ಇಲ್ಲಿ ಯಾರೂ ಇಳಿಯಂಗಿಲ್ಲ. ನಿಮ್ಮ ಮಗನ ಗೌರವಕ್ಕ ಅಂತ್ಲೇ ಬೀಗ..."

ಹಂಪವ್ವ ಫ್ಲೆಕ್ಸಿನ ಕಡೆ ಕೈ ಮಾಡಿದಳು.

"ನನಗ ಓದಾಕ ಬರಂಗಿಲ್ಲ. ಮಗನ ಮಾರಿ ಕೆಳಗ ಏನು ಬರೆಸಿದ್ದೀರಿ?"

"ಮತ್ತೆ ಹುಟ್ಟಿ ಬಾ ಅಂತ, ಅವ್ವಾರ."

"ಬಂದ ಅಂತ ತಿಳೀರಿ. ಬೀಗ ಹಾಕಿದ್ರ ಈಜು ಎಲ್ಲಿ ಕಲೀತಾನ?"

ಪಂಚಾಕ್ಷರಿ ಬಾಯಿ ತೆರೆದ. ಮೈಕು ಅವನ ಉಸಿರನ್ನು ಮಾತ್ರ ಊರಿಗೆಲ್ಲ ಕೇಳಿಸಿತು.

ಹಂಪವ್ವ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿದಳು. ಕಂಬಿಯ ಬಾಗಿಲನ್ನು ದೂಡಿ ಒಳಗೆ ಬಂದಳು. ತೋಳಿನ ಮೇಲಿದ್ದ ಒಣಬಟ್ಟೆಯನ್ನು ಮಾರ್ತಾಂಡನ ಕೈಗಿಟ್ಟಳು.

"ಇಷ್ಟು ವರ್ಷ ನಾ ಹಿಡಕೊಂಡು ಕುಂತಿದ್ದೆ. ಇವತ್ತು ನೀ ಹಿಡಿ."

ಗುರುಗಳು ಬುರುಡೆಗಳನ್ನು ಅವಳ ಸೊಂಟದ ಎರಡೂ ಬದಿಗೆ ಕಟ್ಟಿದರು. ಗಂಟು ಬಿಗಿದು, ಬೆರಳಿನಿಂದ ಮತ್ತೊಮ್ಮೆ ಎಳೆದು ನೋಡಿದರು. ಎಷ್ಟೋ ಮಕ್ಕಳಿಗೆ ಕಟ್ಟಿದ ಬೆರಳು.

ಅವಳು ಒಂದು ಮೆಟ್ಟಿಲು ಇಳಿದಳು. ಪಾದ ನೆನೆಯಿತು. ನಿಂತಳು. ಅವಳ ನೀರು ಯಾವಾಗಲೂ ಅಲ್ಲಿಗೇ ಮುಗಿಯುತ್ತಿತ್ತು.

"ಬರ್ರಿ ಅಜ್ಜಾರ. ನೀವು ಇಳೀಲಾರದ ನಾ ಹೆಂಗ ಕಲೀಲಿ?"

"ನನಗ ನೀರಿಲ್ಲ, ತಾಯಿ. ನಿಯಮ ಮುರಿದವ ನಾನು."

"ನಿಮ್ಮ ನಿಯಮ ನನಗೂ ಗೊತ್ತೈತ್ರೀ. ನನ್ನ ಮಗ ಬಂದ ಮೊದಲನೇ ದಿನಾನ ಕೇಳಿದ್ದ, ಇದು ಯಾರ ಬುರುಡೆ ಅಂತ. ಮ್ಯಾಲೆ ಕೂರಿಸಿದ್ರಿ. ನನ್ನ ಪಕ್ಕಕ್ಕ ಕುಂತು ಹೊಳಿಯಷ್ಟು ಅತ್ತ."

"ನೆನಪೈತಿ."

"ಮರುದಿನ ನೀವೇ ಕೈ ಹಿಡಿದು ಇಳಿಸಿದ್ರಿ. ಕೇಳಿದವನಿಗೆ ಆ ದಿನ ನೀರಿಲ್ಲ ಅಂತ ಐತಿ, ಅಜ್ಜಾರ. ಆ ದಿನ ಅಂತ. ಆ ದಿನ ಎಂದೋ ಕಳೀತು."

ಹುಲಿಗಯ್ಯ ಆಕೆಯನ್ನು ನೋಡಿದರು. ಹೊಳೆಯನ್ನು ನೋಡಿದರು.

ಶಾಲು ತೆಗೆದು ಕಂಬಿಯ ಮೇಲೆ ಹಾಕಿದರು. ಮೆಟ್ಟಿಲಿಳಿದರು. ಪಂಚೆ ನೆನೆಯಿತು.

ಅವಳು ಅವರ ಕೈ ಹಿಡಿದು ಎರಡನೆಯ ಮೆಟ್ಟಿಲಿಗೆ ಬಂದಳು, ಮೂರನೆಯದಕ್ಕೆ ಬಂದಳು. ಆಮೇಲೆ ಮೆಟ್ಟಿಲು ಮುಗಿದವು. ನೀರು ಎದೆಗೆ ಬಂತು, ಗಂಟಲಿಗೆ ಬಂತು. ಒಮ್ಮೆ ಮುಳುಗಿದಳು. ಬಾಯಿ ತುಂಬ ನೀರು ಕುಡಿದು, ಕೆಮ್ಮುತ್ತ ಮೇಲೆ ಬಂದಳು. ಬುರುಡೆಗಳು ಅವಳನ್ನು ಎತ್ತಿ ಹಿಡಿದವು. ಎರಡೂ ಎತ್ತಿ ಹಿಡಿದವು.

"ತಲಿ ಎತ್ತು," ಎಂದರು ಗುರುಗಳು. "ಆಕಾಶ ನೋಡು. ಕಾಲು ಬಡಿ."

"ಬಡಿಯಾಕ ಹತ್ತೀನಲ್ರೀ!"

"ಅದು ಬಡಿಯೋದಲ್ಲ, ಝಾಡಿಸೋದು. ಸೊಂಟದಿಂದ ಬಡಿ."

"ನನ್ನ ಮಗನಿಗೂ ಹಿಂಗ ಬೈತಿದ್ರೇನು?"

"ಅವನಿಗೆ ಇದಕ್ಕಿಂತ ಜಾಸ್ತಿ."

ದಂಡೆಯ ಮೇಲೆ ಗುಂಪಿನ ನಡುವಿನಿಂದ ಒಂದು ದನಿ ಎದ್ದಿತು. "ಬಡೀ ಅವ್ವಾ!" ಇನ್ನೊಂದು ದನಿ ಸೇರಿತು. ಸ್ವಲ್ಪ ಹೊತ್ತಿನಲ್ಲಿ ಇಡೀ ದಂಡೆ ಕೂಗುತ್ತಿತ್ತು. "ಕಾಲು ಬಡೀ ಅವ್ವಾ! ಬಡೀ!" ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ಪಂಚಾಕ್ಷರಿ. ಮೈಕು ಇನ್ನೂ ಕೈಯಲ್ಲೇ ಇತ್ತು. ಬೀಗ ಎಲ್ಲಿ ಬಿತ್ತೆಂದು ಅವನಿಗೆ ಗೊತ್ತಿರಲಿಲ್ಲ.

ಅಂಗಿಯ ಮೇಲೆ ಶರಭನ ಮುಖ ಹೊತ್ತಿದ್ದ ಒಬ್ಬ ಗಟ್ಟಿ ಆಳು ಅಂಗಿ ಕಳಚಿ, ಮಡಿಸಿ, ಮಂಟಪದ ಕಟ್ಟೆಯ ಮೇಲಿಟ್ಟ. ಹಗ್ಗದ ಕೆಳಗೆ ಬಂದು ನಿಂತ. ಒಂದು ಬುರುಡೆಗೆ ಕೈ ಹಾಕಿದ. ಏನನ್ನೋ ಕೇಳಲು ಬಾಯಿ ತೆರೆದು ಮಾರ್ತಾಂಡನ ಕಡೆ ನೋಡಿದ.

ಬಾಯಿ ಮುಚ್ಚಿಕೊಂಡ. ಇನ್ನೊಂದು ಬುರುಡೆಗೂ ಕೈ ಚಾಚಿದ. ಅವನ ಹಿಂದೆ ಸಾಲು ಬೆಳೆಯಿತು.

ಹೊಳೆಯಲ್ಲಿ ಹಂಪವ್ವ ಗುರುಗಳ ಕೈ ಬಿಟ್ಟಳು. ಸೊಂಟದಿಂದ ಕಾಲು ಬಡಿದಳು. ಮುಂದಕ್ಕೆ ಹೋದಳು. ಅವಳ ಕಾಲಿನ ನೀರು ಗುರುಗಳ ಮುಖಕ್ಕೆ ರಪ್ಪನೆ ಬಡಿಯಿತು.

ಅವರು ಮುಖ ಒರೆಸಿಕೊಳ್ಳಲಿಲ್ಲ. ದಂಡೆಯ ಕಡೆ ತಿರುಗಿದರು.

"ಮಾರ್ತಾಂಡ, ಎಲ್ಲಾ ಬುರುಡೆ ಇಳಿಸು. ಇವತ್ತು ಎಲ್ಲರಿಗೂ ನೀರೈತಿ."