ಗಾಜಿನ ಕಟ್ಟಡ ಮತ್ತು ಗೊರವಂಕ

ಜಿಲ್ಲಾ ಕೇಂದ್ರವಾದ ಒಂದು ಊರಿನ ಸರ್ಕಲ್‌ನಲ್ಲಿ, ಹಳೆಯ ಅಂಗಡಿಸಾಲಿನ ನಡುವೆ, ಎತ್ತರದ ಗಾಜಿನ ಕಟ್ಟಡವೊಂದು ಎದ್ದಿತು. ಅದರಲ್ಲಿ ಕಂಡ ಆಕಾಶವನ್ನು ನಿಜವೆಂದು ನಂಬಿ ಹಾರಿದ ಗಂಡು ಗೊರವಂಕ ಗಾಜಿಗೆ ಬಡಿದು ಸತ್ತಿತು.

ಹೆಣ್ಣು ಗೊರವಂಕ ಕಟ್ಟಡವನ್ನು ಕೇಳಿತು: “ನಿನ್ನಲ್ಲಿ ಇಲ್ಲದ ಆಕಾಶವನ್ನು ಏಕೆ ತೋರಿಸಿದೆ?”

“ಎದುರಿಗಿರುವುದನ್ನು ತೋರಿಸುವುದಷ್ಟೇ ನನ್ನ ಕೆಲಸ. ನಂಬಿದ್ದು ಅವನ ತಪ್ಪು.”

“ಹಾಗಾದರೆ ನಿನ್ನ ಬುಡದಲ್ಲಿ ಬಿದ್ದಿರುವ ಅವನನ್ನೂ ತೋರಿಸು.”

“ನಾನು ಎತ್ತರದವನು. ಕೆಳಗೆ ಬಿದ್ದವರು ನನಗೆ ಕಾಣಿಸುವುದಿಲ್ಲ,” ಎಂದಿತು ಕಟ್ಟಡ.

ಮತ್ತೊಂದು ಜೀವ ಹೋಗದಿರಲೆಂದು ಹೆಣ್ಣು ಗೊರವಂಕ ಅಲ್ಲಿಯೇ ಉಳಿದು, ಬಂದ ಹಕ್ಕಿಗಳನ್ನೆಲ್ಲ ರೆಕ್ಕೆ ಬಡಿದು ತಡೆಯತೊಡಗಿತು.

“ಇಷ್ಟು ದೊಡ್ಡ ಆಕಾಶವನ್ನು ಇವಳೊಬ್ಬಳೇ ಇಟ್ಟುಕೊಳ್ಳಲು ನೋಡುತ್ತಿದ್ದಾಳೆ,” ಎಂದು ಹಕ್ಕಿಗಳು ಅದನ್ನು ಕುಕ್ಕಿ ಓಡಿಸಿ, ಗಾಜಿನತ್ತ ಹಾರಿದವು.